ಏಳನೇ ಹುದ್ದೆಯ ಲೆಕ್ಕ

ಪೋಸ್ಟ್ ಸ್ವಲ್ಪ ಉದ್ದ ಐತಿ, ಅದೂ ಗಣಿತದ ಬಗ್ಗೆ. ಗಣಿತ ಅಂದಕೂಡಲೇ ಮುಂದಕ್ಕೆ ಹೋಗಬ್ಯಾಡ್ರಿ. ಪೂರ್ತಿ ಓದ್ರಿ, ಬೈಯೋದಿದ್ರ ಆಮೇಲೆ ಬೈರಿ.

13 ಪಾಯಿಂಟ್ ರೋಸ್ಟರ್ ವಿರುದ್ಧದ ಹೋರಾಟ ನಿಮಗೆ ನೆನಪಿರಬೇಕು. ಬೋಧಕ ಹುದ್ದೆಗಳ ಮೀಸಲಾತಿಗೆ ಇಡೀ ವಿಶ್ವವಿದ್ಯಾಲಯವನ್ನು ಲೆಕ್ಕಕ್ಕೆ ಹಿಡಿಯಬಾರದು, ಒಂದೊಂದು ವಿಭಾಗವನ್ನೇ ಬೇರೆ ಬೇರೆಯಾಗಿ ಹಿಡಿಯಬೇಕು ಅಂತ ಅಲಹಾಬಾದ್ ಹೈಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿತು. 2018ರ ಮಾರ್ಚ್ 5ರಂದು ಯುಜಿಸಿ ಅದೇ ಪ್ರಕಾರ ಸುತ್ತೋಲೆ ಹೊರಡಿಸಿತು. ಮೀಸಲಾತಿಯ ಪ್ರಮಾಣದಲ್ಲಿ ಒಂದು ಅಂಕಿಯೂ ಬದಲಾಗಿರಲಿಲ್ಲ. ಎಸ್‌ಸಿ ಶೇ 15, ಎಸ್‌ಟಿ ಶೇ 7.5, ಒಬಿಸಿ ಶೇ 27. ಎಲ್ಲಾ ಇದ್ದಂಗೇ ಇತ್ತು. "ಮತ್ತ್ಯಾಕ ಒದರಾಡ್ತೀರಿ?" ಅಂತ ಕೇಳಿದವರು ಬಹಳ ಮಂದಿ.

ಉತ್ತರ ಒಂದು ಸಾಲಿನ ಬೀಜಗಣಿತದಲ್ಲಿದೆ. ಹುದ್ದೆಗಳ ಸಂಖ್ಯೆಗೆ ಎಕ್ಸ್ ಅನ್ನೋಣ. ಎಕ್ಸ್‌ನ ಶೇ 15 ಕನಿಷ್ಠ 1 ಆದಾಗ ಮಾತ್ರ ನಮಗೊಂದು ಹುದ್ದೆ. ಅಂದರೆ ಎಕ್ಸ್ ಕನಿಷ್ಠ 100 ÷ 15, ಅಂದರೆ 6.67 ಇರಬೇಕು. ಅರ್ಧ ಮುಕ್ಕಾಲು ಹುದ್ದೆ ಅಂತ ಇರೋದಿಲ್ಲ, ಹಂಗಾಗಿ ಎಸ್‌ಸಿಗೆ 7ನೇ ಹುದ್ದೆ. ಎಸ್‌ಟಿಗೆ 100 ÷ 7.5, ಅಂದರೆ 13.33. ಹಂಗಾಗಿ 14ನೇ ಹುದ್ದೆ. ಒಬಿಸಿಗೆ 4ನೇದು.

ಈಗ ಒಂದು ವಿಶ್ವವಿದ್ಯಾಲಯದಲ್ಲಿ 40 ವಿಭಾಗ, ಒಂದೊಂದರಲ್ಲಿ 5 ಹುದ್ದೆ ಇವೆ ಅಂತ ಇಟ್ಟುಕೊಳ್ಳಿ. ಒಟ್ಟು 200. ಇಡೀ ವಿಶ್ವವಿದ್ಯಾಲಯವನ್ನು ಹಿಡಿದರೆ ಎಸ್‌ಸಿಗೆ 30, ಎಸ್‌ಟಿಗೆ 15, ಒಬಿಸಿಗೆ 54. ವಿಭಾಗವಾರು ಹಿಡಿದರೆ ಒಬಿಸಿಗೆ 40, ಎಸ್‌ಸಿಗೆ ಸೊನ್ನೆ, ಎಸ್‌ಟಿಗೆ ಸೊನ್ನೆ. ಇದ್ದವರು ನಿವೃತ್ತರಾಗಿ 7ನೇ ಸರದಿ ಬರೋವರೆಗೂ ಕಾಯಬೇಕು. ಅಷ್ಟರೊಳಗೆ ಒಂದು ತಲೆಮಾರೇ ಮುಗಿದಿರುತ್ತದೆ. ಶೇಕಡಾವಾರು ಮುಟ್ಟದೆ 45 ಹುದ್ದೆಗಳನ್ನು ಮಾಯ ಮಾಡೋದು ಅಂದರೆ ಇದು. ಬೀದಿಗಿಳಿದ ಮೇಲೆ, 2019ರ ಮಾರ್ಚ್‌ನಲ್ಲಿ ಸುಗ್ರೀವಾಜ್ಞೆ ಬಂತು, ಅದೇ ವರ್ಷ ಕಾಯ್ದೆಯೂ ಆಯಿತು. ಇಡೀ ಸಂಸ್ಥೆಯನ್ನೇ ಲೆಕ್ಕಕ್ಕೆ ಹಿಡಿಯೋ ಪದ್ಧತಿ ವಾಪಸ್ ಬಂತು.

ಈ ಲೆಕ್ಕವನ್ನು ನನಗೆ ಬಿಡಿಸಿ ತೋರಿಸಿದಾಕಿ ಇಳಕಲ್‌ನಲ್ಲಿರೋ ನನ್ನ ತಂಗಿ ಮಗಳು. ಆಗ ಪಿಯುಸಿ ಸೈನ್ಸ್ ಓದ್ತಿದ್ದಳು. ನಾನು ಓದಿದ ಶಾಲೆಯಲ್ಲಿ ಬೀಜಗಣಿತ ಶುರುವಾದ ದಿನ, ಹಿಂದಿನ ಸಾಲಿನವರೆಲ್ಲ ಹೊರಗೆ ಹೋಗಿ ಗಿಡಕ್ಕೆ ನೀರು ಹಾಕ್ರಿ ಅಂದಿದ್ದರು. "ನಿಮಗ್ಯಾಕ್ರೋ ಇದು? ರೊಕ್ಕ ಎಣಿಸಾಕ ಬಂದ್ರ ಸಾಕಲ್ಲ." ಹಿಂದಿನ ಸಾಲಿನಲ್ಲಿ ಯಾರು ಕೂತಿದ್ದೆವು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆ ಗಿಡಗಳು ಈಗ ದೊಡ್ಡ ಮರ ಆಗ್ಯಾವ. ನಾನು ಎಕ್ಸ್ ಕಲಿತಿದ್ದು ಮಾತ್ರ ನಲವತ್ತರ ಹತ್ತಿರ.

"ಮಾಮಾ, ಸಮೀಕರಣ ಅಂದ್ರ ಅಂಜಬ್ಯಾಡ. ಸೀರಿ ನೋಡು" ಅಂದಳು. ನಿಜ ಅದ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸ್ತಾರೆ. ಅದೇ ಟೋಪ್ ತೆನಿ. ಆ ಕಡೆ ಎಷ್ಟು ಎಳೆಯೋ ಈ ಕಡೆಯೂ ಅಷ್ಟೇ. ಸಮ ಅನ್ನೋ ಚಿಹ್ನೆಯ ಕೆಲಸವೂ ಅಷ್ಟೇ. ನಮ್ಮವ್ವ ಕೂಲಿಗೆ ನೂಲು ಸುತ್ತಿ ಕಣ್ಣು ಕಳಕೊಂಡಾಕಿ. ಆಕಿಗೆ ಎಳೆ ಎಣಿಸೋದನ್ನ ಯಾರೂ ಹೇಳಿಕೊಡಬೇಕಿರಲಿಲ್ಲ. ಅದಕ್ಕೆ ಗಣಿತ ಅನ್ನೋ ಹೆಸರು ಮಾತ್ರ ಯಾರೂ ಕೊಡಲಿಲ್ಲ.

ಎರಡನೇ ಪಾಠ ಐಹೊಳೆಯಲ್ಲಿ ಆಯಿತು. ಹುನಗುಂದದಿಂದ ಅಮೀನಗಡದ ಮೇಲೆ ಹೋದೆವು. ಅಲ್ಲಿನ ಮೇಗುತಿ ಬಸದಿಯ ಗೋಡೆಯಲ್ಲಿ ಬಾದಾಮಿಯ ಇಮ್ಮಡಿ ಪುಲಿಕೇಶಿಯನ್ನು ಹೊಗಳಿ ರವಿಕೀರ್ತಿ ಬರೆಸಿದ ಶಾಸನ ಐತಿ. ಅದರಲ್ಲಿ ಕಾಲವನ್ನು ಎರಡು ರೀತಿ ಹೇಳಿದೆ. ಭಾರತ ಯುದ್ಧ ಆಗಿ 3735 ವರ್ಷ, ಶಕ 556. ಎರಡರ ನಡುವಿನ ಅಂತರ 3179. ಶಕ ಗೊತ್ತಿದ್ದರೆ 3179 ಕೂಡಿಸು, ಕಲಿ ವರ್ಷ ಸಿಗುತ್ತದೆ. 78 ಕೂಡಿಸು, ಕ್ರಿ.ಶ. 634 ಸಿಗುತ್ತದೆ. ಗೊತ್ತಿರೋದನ್ನ ಹಿಡಿದು ಗೊತ್ತಿಲ್ಲದ್ದನ್ನ ಹುಡುಕೋದು ಬೀಜಗಣಿತ. ರಾಜನ ದಂಡಯಾತ್ರೆಗಳು ಕಲ್ಲಿನಲ್ಲಿ ಉಳಿದಿವೆ. ಆ ಕಲ್ಲು ಹೊತ್ತವರು ಎಷ್ಟು ಮಂದಿ ಅನ್ನೋದನ್ನ ಯಾರೂ ಕೆತ್ತಿಸಲಿಲ್ಲ. ಎಣಿಕೆ ಯಾರ ಕೈಯಲ್ಲಿರುತ್ತದೋ ಇತಿಹಾಸವೂ ಅವರ ಕೈಯಲ್ಲೇ.

ಮುಂದೆ ಎಣಿಕೆಗೆ ಬಂದೆವು. ಸೀರೆಗೆ 5 ಬಣ್ಣ ಇವೆ, 2 ಆರಿಸಬೇಕು, ಎಷ್ಟು ಜೋಡಿ? ಮೊದಲನೇದಕ್ಕೆ 5 ದಾರಿ, ಎರಡನೇದಕ್ಕೆ 4, ಒಟ್ಟು 20. ಆದರೆ ಹಸಿರು-ಕೆಂಪು ಅಂದರೂ ಕೆಂಪು-ಹಸಿರು ಅಂದರೂ ಒಂದೇ ಜೋಡಿ, ಅದಕ್ಕೆ 2ರಿಂದ ಭಾಗಿಸು. ಉತ್ತರ 10. ಹಿಂಗ ಆರಿಸೋದಕ್ಕೆ ಸಾಮಾನ್ಯ ಸೂತ್ರವನ್ನು 9ನೇ ಶತಮಾನದಲ್ಲೇ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದ್ದಾನೆ. ಸಂಸ್ಕೃತದಲ್ಲಿ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಅಂದರೆ ಈ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ನಮ್ಮ ಕೇರಿಗೆ ಹೊಸದು, ಅಷ್ಟೇ.

ಈಗ ನಾನು ಹೇಳಬೇಕಾದ ಮುಖ್ಯ ಮಾತು. ಎಲ್ಲೇ ನೇಮಕಾತಿ ಕೇಳಾಕ ಹೋಗ್ರಿ, ಒಂದೇ ಉತ್ತರ: "ಬೇಕಂತ ಬಿಟ್ಟಿಲ್ರಿ, ಈ ಸಲ ನಿಮ್ಮವರು ಯಾರೂ ಬರಲಿಲ್ಲ, ಅದು ಹಂಗ ಆಗಿಬಿಡ್ತು." ಹಂಗ ಆಗಿಬಿಡೋದು ಎಷ್ಟು ಸಾಧ್ಯ ಅಂತ ಲೆಕ್ಕ ಹಾಕಬಹುದು. ಅದಕ್ಕೆ ಸಂಭವನೀಯತೆ ಅಂತಾರೆ.

ಒಂದು ಉದಾಹರಣೆ ಮಾಡೋಣ. ಎಲ್ಲರೂ ಅರ್ಹರೇ ಆದ 10 ಅರ್ಜಿ ಬಂದಾವ, ಅದರಲ್ಲಿ ನಮ್ಮವು 2. ಬೇಕಾದವರು 3 ಮಂದಿ. ಕಣ್ಣು ಮುಚ್ಚಿ ಚೀಟಿ ಎತ್ತಿದರೆ 10ರಲ್ಲಿ 3 ಆರಿಸೋಕೆ 120 ದಾರಿ. ನಮ್ಮ ಇಬ್ಬರನ್ನೂ ಬಿಟ್ಟು ಉಳಿದ 8ರಲ್ಲಿ 3 ಆರಿಸೋಕೆ 56 ದಾರಿ. ಅಂದರೆ ನಮ್ಮವರು ಒಬ್ಬರೂ ಬರದಿರೋ ಸಾಧ್ಯತೆ 120ಕ್ಕೆ 56, ಸುಮಾರು ಶೇ 47. ಒಂದು ವರ್ಷ ಹಂಗಾಯಿತು ಅಂದರೆ ಒಪ್ಪಬಹುದು. ನಾಣ್ಯ ಚಿಮ್ಮಿದಷ್ಟೇ ಸಹಜ ಅದು. ಆದರೆ ಇದೇ ಲೆಕ್ಕದಲ್ಲಿ ಸತತ ಎರಡು ವರ್ಷ ಯಾರೂ ಬರದಿರೋದು ಸುಮಾರು ಶೇ 22. ನಾಲ್ಕು ವರ್ಷ ಅಂದರೆ ಶೇ 5ಕ್ಕಿಂತ ಕಮ್ಮಿ. ಆರು ವರ್ಷ ಅಂದರೆ ನೂರಕ್ಕೆ ಒಂದು. ಆರನೇ ವರ್ಷವೂ "ಹಂಗ ಆಗಿಬಿಡ್ತು" ಅನ್ನೋರಿಗೆ ಈ ಅಂಕಿ ಮುಂದಿಡ್ರಿ.

ಇದರಿಂದ ಯಾರು ತಪ್ಪು ಮಾಡಿದರು ಅಂತ ಸಾಬೀತಾಗಲ್ಲ, ಅದನ್ನೂ ನೆನಪಿಡ್ರಿ. ಆದರೆ ಕಾರಣ ಕೊಡೋ ಜವಾಬ್ದಾರಿ ಅವರ ಮೇಲೆ ಬೀಳುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1977ರಲ್ಲಿ ಕಾಸ್ಟನೇಡಾ ಪ್ರಕರಣದಲ್ಲಿ ಇದನ್ನೇ ಮಾಡಿತು. ಟೆಕ್ಸಾಸ್‌ನ ಒಂದು ಕೌಂಟಿಯಲ್ಲಿ ಮೆಕ್ಸಿಕನ್ ಮೂಲದವರು ಶೇ 79.1. 11 ವರ್ಷಗಳಲ್ಲಿ ಗ್ರ್ಯಾಂಡ್ ಜ್ಯೂರಿಗೆ ಕರೆದ 870 ಮಂದಿಯಲ್ಲಿ ಅವರು 688ರ ಆಸುಪಾಸು ಇರಬೇಕಿತ್ತು. ಇದ್ದದ್ದು 339. ಇದು ಆಕಸ್ಮಿಕ ಅನ್ನೋಕೆ ಆಗಲ್ಲ, ಸರ್ಕಾರವೇ ಉತ್ತರ ಕೊಡಬೇಕು ಅಂತ ಕೋರ್ಟ್ ಹೇಳಿತು. ಕೂಗಿಗೆ ಸಿಗದ ಉತ್ತರ ಅಂಕಿಗೆ ಸಿಕ್ಕಿತು.

ಅದೇ ದೇಶದ ಬಾಬ್ ಮೋಸೆಸ್ 1960ರ ದಶಕದಲ್ಲಿ ಮಿಸಿಸಿಪ್ಪಿಯ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸಲು ಏಟು ತಿಂದವರು. ಅವರೇ ಮುಂದೆ 1982ರಲ್ಲಿ 'ಆಲ್ಜೀಬ್ರಾ ಪ್ರಾಜೆಕ್ಟ್' ಶುರು ಮಾಡಿದರು. ಬಡ ಮಕ್ಕಳಿಗೆ ಬೀಜಗಣಿತ ಕಲಿಸೋದೂ ಮತದ ಹಕ್ಕಿನಂಥದ್ದೇ ಹೋರಾಟ ಅಂತ ನಂಬಿದ್ದರು. ನಮ್ಮ ಬಾಬಾಸಾಹೇಬರೂ 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಪುಸ್ತಕ ತಂದವರು. ನಾವು ಅವರ ಕೋಟು ನೋಡ್ತೀವಿ, ಕೈಯಾಗಿನ ಸಂವಿಧಾನ ನೋಡ್ತೀವಿ. ಆ ತಲೆಯೊಳಗಿದ್ದ ಅಂಕಿಗಳ ಕಡೆ ನೋಡೋದು ಕಮ್ಮಿ.

ಹಂಗಾಗಿ ಗೆಳೆಯರೇ, ಒಂದು ಕೆಲಸ ಮಾಡ್ರಿ. ಮುಂದಿನ ಸಲ ಆರ್‌ಟಿಐ ಅರ್ಜಿ ಬರೆಯುವಾಗ "ನಮಗೆ ಅನ್ಯಾಯ ಆಗಿದೆಯೇ?" ಅಂತ ಕೇಳಬೇಡಿ. ನಾಲ್ಕೇ ಅಂಕಿ ಕೇಳ್ರಿ: ಅರ್ಜಿ ಹಾಕಿದ ಅರ್ಹರು ಎಷ್ಟು, ಅದರಲ್ಲಿ ಪರಿಶಿಷ್ಟರು ಎಷ್ಟು, ಆಯ್ಕೆಯಾದವರು ಎಷ್ಟು, ಅದರಲ್ಲಿ ಪರಿಶಿಷ್ಟರು ಎಷ್ಟು. ಹತ್ತು ವರ್ಷದ್ದು ಕೇಳ್ರಿ. ಹುನಗುಂದದಲ್ಲಿ ನಾವೊಂದಿಷ್ಟು ಮಂದಿ ಭಾನುವಾರ ಸಂಜೆ ಕೂತು ಈ ಲೆಕ್ಕ ಕಲೀತೀವಿ. ಬಾಗಲಕೋಟೆ, ಬಾದಾಮಿ ಕಡೆಯವರು ಬರ್ರಿ. ಬರೋವಾಗ ನಿಮ್ಮ ಓಣಿಯ ಎಂಟನೇತ್ತೆ, ಒಂಬತ್ತನೇತ್ತೆ ಹುಡುಗಿಯರನ್ನೂ ಕರಕೊಂಡು ಬರ್ರಿ. ಕಲಿಸೋರು ಅವರೇ.