ಮುಜಂಟಿಯ ಕೋಟೆ

ಆಯುಧವಿಲ್ಲದ ಜೀವಿ ತನ್ನ ಮನೆಯನ್ನು ಹೇಗೆ ಕಾಯಬೇಕು? ಈ ಪ್ರಶ್ನೆಗೆ ಮಂಗಳೂರಿನ ಹಳೆಯ ಹೆಂಚಿನ ಮನೆಗಳ ಗೋಡೆಗಳಲ್ಲಿಯೇ ಉತ್ತರವಿದೆ. ಕೆಂಪು ಮುರಕಲ್ಲುಗಳ ಸಂದಿನಿಂದ ಕೆಲವೊಮ್ಮೆ ಕಂದುಬಣ್ಣದ ಸಣ್ಣ ಕೊಳವೆಯೊಂದು ಹೊರಚಾಚಿರುತ್ತದೆ. ಅದರ ಬಾಯಲ್ಲಿ ಇರುವೆಯಷ್ಟು ಪುಟ್ಟ ಕಪ್ಪು ನೊಣಗಳು ಸುಳಿದಾಡುತ್ತಿರುತ್ತವೆ. ಕರಾವಳಿಯ ಜನ ಇವನ್ನು ಮುಜಂಟಿಯೆಂದೂ ಮಲೆನಾಡಿನವರು ಮಿಸರಿ ಜೇನೆಂದೂ ಕರೆಯುತ್ತಾರೆ. ವಿಜ್ಞಾನಿಗಳು ಇಟ್ಟ ಹೆಸರು ಟೆಟ್ರಾಗೊನುಲಾ ಇರಿಡಿಪೆನ್ನಿಸ್. ನಮ್ಮ ಮನೆಯ ಹಿಂಗೋಡೆಯಲ್ಲಿಯೂ ಇವುಗಳ ಒಂದು ಸಂಸಾರ ಬಹುಕಾಲದಿಂದ ನೆಲೆಸಿದೆ.

ಮುಜಂಟಿಯ ಉದ್ದ ಸುಮಾರು 4 ಮಿಲಿಮೀಟರು. ಕೊಂಡಿ ಕ್ಷೀಣಿಸಿಹೋಗಿರುವುದರಿಂದ ಅದು ಕುಟುಕಲಾರದು. ಆದರೆ ಗೂಡಿನಲ್ಲಿ ಜೇನಿದೆ, ಪರಾಗವಿದೆ, ಮರಿಗಳಿವೆ. ಇರುವೆಗಳಿಗೆ ಇದಕ್ಕಿಂತ ಬೇರೆ ಆಮಿಷ ಬೇಕೆ? ಈ ಬಡಜೀವಿಯ ಸಂಪತ್ತನ್ನು ಕಾಯುವುದು ಮರದ ರಾಳ.

ಗಾಯಗೊಂಡ ಮರದಿಂದ ಒಸರುವ ಅಂಟುರಸವೇ ರಾಳ. ಮರವು ಅದರಿಂದ ತನ್ನ ಗಾಯವನ್ನು ಮುಚ್ಚಿಕೊಂಡು ಕೀಟಗಳನ್ನೂ ಶಿಲೀಂಧ್ರಗಳನ್ನೂ ತಡೆಯುತ್ತದೆ. ಮುಜಂಟಿಯು ಮಾವು ಮೊದಲಾದ ಮರಗಳಿಂದ ಈ ರಾಳವನ್ನು ದವಡೆಗಳಿಂದ ಕಿತ್ತು, ಮುಂಗಾಲಿನಿಂದ ನಡುಗಾಲಿಗೆ, ನಡುಗಾಲಿನಿಂದ ಹಿಂಗಾಲಿಗೆ ದಾಟಿಸಿ, ಹಿಂಗಾಲಿನ ಬುಟ್ಟಿಯಂಥ ತಗ್ಗಿನಲ್ಲಿ ಹೊತ್ತು ಗೂಡಿಗೆ ಹಾರುತ್ತದೆ. ಮರದ ರಕ್ಷಾಕವಚವೇ ಹೀಗೆ ನೊಣದ ರಕ್ಷಾಕವಚವಾಗುತ್ತದೆ.

ಹಲಸಿನ ಹಣ್ಣು ಕೊಯ್ಯುವ ಮೊದಲು ಮನೆಯಲ್ಲಿ ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳುವುದನ್ನು ನೀವು ನೋಡಿರಬಹುದು. ಅಂಟಿನೊಡನೆ ವ್ಯವಹರಿಸಲು ಉಪಾಯ ಬೇಕು. ಮುಜಂಟಿಯ ಉಪಾಯ ಮೇಣ. ತುಡುವೆ ಜೇನಿಗೆ ಮೇಣ ಒಸರುವುದು ಉದರದ ಕೆಳಭಾಗದಲ್ಲಿ, ಮುಜಂಟಿಗೆ ಮೇಲ್ಭಾಗದಲ್ಲಿ. ಈ ಮೇಣವನ್ನು ಬೆರೆಸಿ ನಾದಿದಾಗ ರಾಳ ಹದಕ್ಕೆ ಬರುತ್ತದೆ. ಆ ಹದವಾದ ಮಿಶ್ರಣದಿಂದಲೇ ಜೇನಿನ ಪುಟ್ಟ ಗಡಿಗೆಗಳೂ ಮರಿಗಳ ಕೋಣೆಗಳೂ ಬಾಗಿಲಿನ ಕೊಳವೆಯೂ ಸಿದ್ಧವಾಗುತ್ತವೆ. ಹಸಿ ರಾಳವಾದರೋ ಯುದ್ಧಕ್ಕೆ ಮೀಸಲು. ಅದನ್ನು ಕೊಳವೆಯ ಅಂಚಿಗೆ ಸವರುತ್ತವೆ. ಒಳಗೆ ಗುಪ್ಪೆಹಾಕಿ ಕೂಡಿಡುತ್ತವೆ. ಇರುವೆ ನುಗ್ಗಿದರೆ ಕಾವಲಿನ ನೊಣಗಳು ಆ ಅಂಟನ್ನು ತಂದು ಅದರ ಮೈಗೆ ಮೆತ್ತುತ್ತವೆ. ಕಾಲೂ ಕುಡಿಮೀಸೆಯೂ ಅಂಟಿಕೊಂಡ ಶತ್ರು ಹೆಜ್ಜೆ ಕೀಳಲಾರದು. ಆಸ್ಟ್ರೇಲಿಯದಲ್ಲಿರುವ ಇದರ ಬಂಧುವೊಂದು, ಗೂಡಿಗೆ ನುಗ್ಗಿದ ಜೀರುಂಡೆಯನ್ನು ರಾಳ, ಮೇಣ, ಮಣ್ಣುಗಳಿಂದ ಜೀವಂತವಾಗಿಯೇ ಮುಚ್ಚಿಬಿಡುವುದೆಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿದೆ.

ಕಳೆದ ಬೇಸಗೆಯಲ್ಲಿ ಗೋಡೆಗೆ ಗಾರೆ ಮಾಡಿಸುವಾಗ ಮೇಸ್ತ್ರಿಗಳು ಆ ಸಂದನ್ನೂ ಮುಚ್ಚಹೊರಟರು. "ಅದೊಂದು ಹಾಗೆಯೇ ಇರಲಿ, ಮೇಸ್ತ್ರಿಗಳೇ" ಎಂದೆ. ಅವರು ಕ್ಷಣಕಾಲ ನೋಡಿ, "ಕಚ್ಚುವುದಿಲ್ಲವಲ್ಲ, ಇರಲಿ ಮಾಸ್ಟ್ರೇ" ಎಂದು ನಕ್ಕು, ಅಂಗೈಯಗಲದ ಜಾಗ ಬಿಟ್ಟು ಗಾರೆ ಬಳಿದರು.

ಆದರೆ ಅದೇ ತಿಂಗಳು ಪಕ್ಕದ ಹಿತ್ತಲಿನ ಎರಡು ಮುದಿ ಮಾವಿನ ಮರಗಳು ಉರುಳಿದವು. ಅಲ್ಲೀಗ ಬಹುಮಹಡಿ ಕಟ್ಟಡ ಏಳುತ್ತಿದೆ. ಮುಜಂಟಿ ಬಹುದೂರ ಹಾರುವ ನೊಣವಲ್ಲ. ಗೂಡಿನಿಂದ ಕೆಲವು ನೂರು ಮೀಟರುಗಳೇ ಅದರ ಪ್ರಪಂಚ. ಹಿಂದೆ ಮುಟ್ಟಿದರೆ ಬೆರಳಿಗೆ ಅಂಟುತ್ತಿದ್ದ ಕೊಳವೆಯ ಅಂಚು ಈಗ ಒಣಗಿ ಗಡುಸಾಗಿದೆ. ಹೊಸ ರಾಳ ಬಾರದಿದ್ದರೆ ಕೋಟೆಗೆ ಕಾವಲಿಲ್ಲ. ಗೋಡೆಯಲ್ಲಿ ಒಂದು ಸಂದನ್ನು ಬಿಡುವುದು ನನ್ನೊಬ್ಬನಿಂದ ಆಗುವ ಕೆಲಸ. ಮರಗಳನ್ನು ಉಳಿಸುವುದಕ್ಕೆ ಇಡೀ ಬೀದಿಯೇ ಮನಸ್ಸು ಮಾಡಬೇಕು.