ಹೊಸ ಸಾಮಾನು, ಹಳೇ ಮಾಗಡಿ ರಸ್ತೆ

ಭಾನುವಾರ ಬೆಳಗಿನ ಜಾವ ಮಾಗಡಿ ರಸ್ತೆಯಲ್ಲಿ ಎರಡು ಥರದ ಸೈಕಲ್‌ಗಳು ಎದುರುಬದುರಾಗುತ್ತವೆ. ಒಂದಕ್ಕೆ ಹಾಲಿನ ಕ್ಯಾನ್ ನೇತಾಡುತ್ತಿರುತ್ತೆ, ಡೇರಿ ಕಡೆ ಹೊರಟಿರುತ್ತೆ. ಇನ್ನೊಂದು ಬೆಂಗಳೂರಿನಿಂದ ಬರೋದು. ಅದರ ಮೇಲೆ ಕೂತವರಿಗೆ ಹೆಲ್ಮೆಟ್, ಕಪ್ಪು ಕನ್ನಡಕ, ಮೈಗಂಟಿದ ಜೆರ್ಸಿ, ಹ್ಯಾಂಡಲ್ ಮೇಲೆ ಮಿಣುಕುವ ಪುಟ್ಟ ಕಂಪ್ಯೂಟರ್. ಮೊದಲನೆಯವರು ಸೈಕಲ್ ಬಗ್ಗೆ ಮಾತಾಡಿದ್ದನ್ನ ನಾನು ಕೇಳಿಲ್ಲ. ಎರಡನೆಯವರು, ಅಂದರೆ ನಾವು, ಬೇರೆ ಮಾತೇ ಆಡಲ್ಲ.

ಬೆಂಗಳೂರಿನಿಂದ ಮಾಗಡಿಗೆ ಹೆಚ್ಚುಕಮ್ಮಿ 50 ಕಿಲೋಮೀಟರ್. ಹೋಗಿ ಬಂದರೆ ನೂರು. ಸೈಕಲ್ ತುಳಿಯೋರಿಗೆ ಈ ‘ಹಂಡ್ರೆಡ್’ ಅನ್ನೋದು ಒಂದು ಗೌರವದ ಸಂಖ್ಯೆ, ಹಾಗಾಗಿ ಮಾಗಡಿ ನಮ್ಮ ಗುಂಪಿಗೆ ದೇವರು ಕೊಟ್ಟ ಊರು. ತಾವರೆಕೆರೆ ದಾಟಿದ ಮೇಲೆ ಒಂದು ಟೀ ಅಂಗಡಿ ಹತ್ತಿರ ಎಲ್ಲರೂ ನಿಲ್ಲುತ್ತೇವೆ. ಟೀ ಬರೋಕೆ ಮುಂಚೆ ಸಾಮಾನಿನ ಪ್ರದರ್ಶನ ಶುರು. ‘ಇದು ಹೊಸದಾ?’, ‘ಎಷ್ಟು ಬಿತ್ತು?’, ‘ಎಷ್ಟು ಗ್ರಾಂ?’ ಹೆಣ್ಣು ನೋಡೋಕೆ ಹೋದವರೂ ಇಷ್ಟು ಪ್ರಶ್ನೆ ಕೇಳಲ್ಲ.

ಆದರೆ ಟೀ ಅಂಗಡಿಯಲ್ಲಿ ಯಾವ ಸಾಮಾನೂ ಫೇಲಾಗಲ್ಲ. ಅದರ ಪರೀಕ್ಷೆ ಇರೋದು ಅಲ್ಲಿಂದ ಮುಂದೆ. ಅರ್ಕಾವತಿಯ ಕಣಿವೆಗೆ ಇಳಿಯಬೇಕು, ಮತ್ತೆ ಹತ್ತಬೇಕು. ಘಾಟಿ ಅನ್ನುವಂಥ ದೊಡ್ಡ ಏರು ಒಂದೂ ಇಲ್ಲ, ಆದರೆ ಸಮತಟ್ಟು ಅನ್ನೋದೂ ಇಲ್ಲ. ರಾಗಿ ಹೊಲ, ಮಾವಿನ ತೋಪು, ಕಲ್ಲುಬಂಡೆ, ನೀಲಗಿರಿ ತೋಪು, ಮತ್ತೆ ಒಂದು ಏರು. ಇಲ್ಲಿ ಕಾಲು ಕಾಪಾಡೋದು ಸೈಕಲ್‌ನ ಹಿಂದಿನ ಚಕ್ರದ ಹಲ್ಲಿನ ಚಕ್ರಗಳು, ಅಂದರೆ ಕ್ಯಾಸೆಟ್.

ಲೆಕ್ಕ ಸುಲಭ. ಮುಂದೆ 34 ಹಲ್ಲು, ಹಿಂದೆ 28 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಹೊಡೆದಾಗ ಸೈಕಲ್ ಸುಮಾರು 2.6 ಮೀಟರ್ ಮುಂದೆ ಹೋಗುತ್ತೆ. ಹಿಂದೆಯೂ 34 ಹಲ್ಲು ಹಾಕಿಸಿದರೆ ಸುಮಾರು 2.1 ಮೀಟರ್. ಕಮ್ಮಿ ದೂರ ಅಂದರೆ ಕಮ್ಮಿ ಭಾರ, ಮಂಡಿಗೆ ಆರಾಮ. ನಮ್ಮ ಊರುಗಳ ಕಪ್ಪು ಸೈಕಲ್‌ನಲ್ಲಿ ಇದೇ ದೂರ ಐದು ಮೀಟರಿಗೂ ಜಾಸ್ತಿ ಇರುತ್ತೆ. ಏರು ಬಂದಾಗ ಹಳ್ಳಿಯವರು ಇಳಿದು ತಳ್ಳಿಕೊಂಡು ಹೋಗೋದು ಶಕ್ತಿ ಇಲ್ಲದೆ ಅಲ್ಲ, ಗೇರ್ ಇಲ್ಲದೆ. ನಮ್ಮಲ್ಲಿ ಒಬ್ಬ ಗೆಳೆಯ ಸೈಕಲ್‌ನ ತೂಕ ಅರ್ಧ ಕೆಜಿ ಇಳಿಸೋಕೆ ಕಾರ್ಬನ್ ಸೀಟ್‌ಪೋಸ್ಟು, ಹಗುರದ ಚಕ್ರ ಅಂತ ಖರ್ಚು ಮಾಡುತ್ತಲೇ ಇದ್ದ. ಇನ್ನೊಬ್ಬ ಸುಮ್ಮನೆ ದೊಡ್ಡ ಕ್ಯಾಸೆಟ್ ಹಾಕಿಸಿದ. ಮಾಗಡಿ ಹತ್ತಿರದ ಏರುಗಳಲ್ಲಿ ಎರಡನೆಯವನು ಹಾಡು ಗುನುಗುತ್ತಾ ಹೋಗ್ತಾನೆ, ಮೊದಲನೆಯವನು ಹಲ್ಲು ಕಚ್ಚಿಕೊಂಡು.

ಈ ರಸ್ತೆಯ ನಿಜವಾದ ಪರೀಕ್ಷಕ ಮಾತ್ರ ಜಾಲಿ ಮುಳ್ಳು. ಸಾವನದುರ್ಗದ ಕಡೆ ತಿರುಗಿದ ಮೇಲೆ ರಸ್ತೆ ಅಂಚಿನಲ್ಲಿ ಧಾರಾಳವಾಗಿ ಸಿಗುತ್ತೆ. ಹೋದ ಬೇಸಿಗೆಯಲ್ಲಿ ಬೆಟ್ಟ ಇನ್ನೇನು ಕಂಡಿತು ಅನ್ನುವಾಗ ನಮ್ಮ ಗೆಳೆಯನ ಹಿಂದಿನ ಚಕ್ರ ಕೂತುಹೋಯಿತು. ಅವನ ಹತ್ತಿರ ಪಂಪ್ ಇರಲಿಲ್ಲ, ಭಾರ ಅಂತ ಮನೇಲಿ ಬಿಟ್ಟಿದ್ದ. ಬದಲಿಗೆ 16 ಗ್ರಾಂ ಕಾರ್ಬನ್ ಡೈಆಕ್ಸೈಡ್ ತುಂಬಿದ ಹೆಬ್ಬೆರಳುದ್ದದ ಸಿಲಿಂಡರ್ ಇತ್ತು. ಟ್ಯೂಬ್ ಬದಲಿಸಿ ಅದನ್ನ ವಾಲ್‌ಗೆ ಹಿಡಿದ. ಸರಿಯಾಗಿ ಕೂತಿರಲಿಲ್ಲ. ‘ಸುಸ್ಸ್’ ಅಂತ ಎರಡೇ ಸೆಕೆಂಡಲ್ಲಿ ಗ್ಯಾಸೆಲ್ಲ ಸಾವನದುರ್ಗದ ಗಾಳಿಗೆ ಸೇರಿಕೊಂಡಿತು. ಹೊಸ ಟ್ಯೂಬೂ ಮುಂದೆ ಹತ್ತು ಹೆಜ್ಜೆಗೆ ಚಪ್ಪಟೆ, ಯಾಕಂದರೆ ಮುಳ್ಳು ಟೈರಿನೊಳಗೇ ಉಳಿದಿತ್ತು.

ತಳ್ಳಿಕೊಂಡು ಹೋಗಿ ಒಂದು ಪಂಚರ್ ಅಂಗಡಿ ಹಿಡಿದೆವು. ಅಂಗಡಿಯ ಹಿರಿಯರು ಟೈರ್ ಬಿಚ್ಚಿ, ಕೈಬೆರಳು ಬಳಸದೆ ಒಂದು ಬಟ್ಟೆ ಚೂರನ್ನ ಒಳಗೆ ಸುತ್ತಲೂ ಎಳೆದರು. ಬಟ್ಟೆ ಒಂದು ಕಡೆ ಸಿಕ್ಕಿಕೊಂಡಿತು. ಅಲ್ಲೇ ಮುಳ್ಳಿನ ತುದಿ, ಕಣ್ಣಿಗೆ ಕಾಣದಷ್ಟು. ಇಕ್ಕಳದಲ್ಲಿ ಕಿತ್ತು ಕೈಗೆ ಕೊಟ್ಟರು. ಈ ಬಟ್ಟೆ ಉಪಾಯ ನೀವೂ ನೆನಪಿಟ್ಟುಕೊಳ್ಳಿ, ಬೆರಳು ಕುಯ್ದುಕೊಳ್ಳೋದು ತಪ್ಪುತ್ತೆ.

ಆಮೇಲೆ ಗಾಳಿ ಹೊಡೆಯೋಕೆ ಹೋದರೆ ಅವರ ಕಂಪ್ರೆಸರ್‌ನ ಮೂತಿ ನಮ್ಮ ವಾಲ್‌ಗೆ ಕೂರಲಿಲ್ಲ.

‘ಇದೇನ್ ಸಾ, ಮೂತಿ ಸೂಜಿ ಥರ ಐತೆ?’

ರೋಡ್ ಬೈಕುಗಳಿಗೆ ಬರೋದು ಪ್ರೆಸ್ಟಾ ಅನ್ನೋ ಸಣ್ಣ ವಾಲ್. ಬೈಕು ಕಾರುಗಳದ್ದು ಶ್ರೇಡರ್, ದಪ್ಪದ್ದು. ಹಳೇ ಸೈಕಲ್‌ಗಳದ್ದು ವಾಲ್ ಟ್ಯೂಬ್ ಹಾಕೋ ಮೂರನೇ ಜಾತಿ. ಇವೆರಡರ ಮಧ್ಯೆ ಕೂರಿಸೋಕೆ ಅಂತ ಮೂಗುತಿಗಿಂತ ಒಂಚೂರು ದೊಡ್ಡದಾದ ಹಿತ್ತಾಳೆ ಅಡಾಪ್ಟರ್ ಸಿಗುತ್ತೆ. ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದಿರುತ್ತೆ, ಐವತ್ತು ರೂಪಾಯಿ ಕೊಟ್ಟ ನೆನಪು. ಅದನ್ನ ವಾಲ್‌ಗೆ ತಿರುಗಿಸಿ, ‘ನಿಧಾನಕ್ಕೆ ಬಿಡಿ ಯಜಮಾನ್ರೇ, ಟ್ಯೂಬ್ ತೆಳು’ ಅಂದೆ. ಅರ್ಧ ನಿಮಿಷಕ್ಕೆ ಚಕ್ರ ಕಲ್ಲಾಯಿತು.

ಅವರು ಖಾಲಿ ಸಿಲಿಂಡರನ್ನ ಎತ್ತಿ ನೋಡಿದರು.

‘ಇದೆಷ್ಟು ಸಾ?’

‘ಇನ್ನೂರು ರೂಪಾಯಿ.’

‘ಒಂದೇ ಸಲಕ್ಕಾ?’

‘ಹೂಂ.’

ಮತ್ತೇನೂ ಹೇಳಲಿಲ್ಲ. ಆ ಕಡೆ ಈ ಕಡೆ ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಎಲ್ಲ ಸೇರಿ ನಲವತ್ತು ರೂಪಾಯಿ ತಗೊಂಡರು. ಸಿಲಿಂಡರ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ರೇಸಿನಲ್ಲಿ ಸಮಯ ಉಳಿಸುತ್ತೆ. ಆದರೆ ಕಾರ್ಬನ್ ಡೈಆಕ್ಸೈಡ್ ರಬ್ಬರಿನಿಂದ ಗಾಳಿಗಿಂತ ಬೇಗ ಸೋರುತ್ತೆ, ಮಾರನೇ ದಿನ ಹೇಗೂ ಪಂಪ್ ಹುಡುಕಲೇಬೇಕು. ಮುಷ್ಟಿಯಲ್ಲಿ ಹಿಡಿಯೋ ಪಂಪ್, ಎರಡು ಟ್ಯೂಬ್, ಪ್ಯಾಚ್, ಸಲ್ಯೂಷನ್, ಟೈರ್ ಲಿವರ್, ಅಡಾಪ್ಟರ್. ಇಷ್ಟಿದ್ದರೆ ಈ ತಾಲ್ಲೂಕಿನಲ್ಲಿ ಎಲ್ಲೂ ಸಿಕ್ಕಿಹಾಕಿಕೊಳ್ಳಲ್ಲ.

ಸಾವನದುರ್ಗದ ಬುಡಕ್ಕೆ ಬಂದರೆ ಇನ್ನೊಂದು ಸಾಮಾನು ಸೋಲುತ್ತೆ: ಪೆಡಲ್‌ಗೆ ಲಾಕ್ ಆಗುವ ಶೂ. ರಸ್ತೆಯಲ್ಲಿ ಅದು ಚೆಂದ. ಆದರೆ ಕರಿಗುಡ್ಡ, ಬಿಳಿಗುಡ್ಡ ಎರಡೂ ಸೇರಿದ ಈ ಏಕಶಿಲೆಯ ಬೆಟ್ಟ 1,226 ಮೀಟರ್ ಎತ್ತರ, ಬರೀ ಬಂಡೆ. ಅಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ಕ್ಲೀಟ್ ಇರೋ ಶೂನಲ್ಲಿ ಬಂಡೆ ಮೇಲೆ ಹೆಜ್ಜೆ ಇಟ್ಟರೆ ಟಕ್ ಅಂತ ಸದ್ದು, ಆಮೇಲೆ ಜರ್ ಅಂತ ಜಾರು. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನಿಂದ ಈ ಕೋಟೆಯನ್ನ ಕಿತ್ತುಕೊಂಡಿತು. ಅವರ ಸೈನಿಕರೇನಾದರೂ ಕ್ಲೀಟ್ ಶೂ ಹಾಕಿದ್ದರೆ ಚರಿತ್ರೆ ಬೇರೆ ಆಗ್ತಿತ್ತು ಅಂತ ನಮ್ಮ ಗುಂಪಿನ ಹಳೇ ಜೋಕು. ಕೆಳಗೆ ವೀರಭದ್ರಸ್ವಾಮಿ ದೇವಸ್ಥಾನ, ನರಸಿಂಹಸ್ವಾಮಿ ದೇವಸ್ಥಾನ ಇವೆ. ಎಂಟು ಸಾವಿರದ ಶೂವನ್ನ ಹೊರಗೆ ಬಿಡಬೇಕಲ್ಲ ಅಂತ ನಮ್ಮಲ್ಲೊಬ್ಬ ಪ್ರತಿ ಸಲ ದೇವರ ಬದಲು ಶೂ ಕಾಯ್ತಾ ಕೂರ್ತಾನೆ.

ಸೈಕ್ಲಿಂಗ್ ಚಡ್ಡಿಯದ್ದೂ ಇದೇ ಕತೆ. ಐವತ್ತು ಕಿಲೋಮೀಟರ್ ಕೂರೋಕೆ ಪ್ಯಾಡ್ ಇರೋ ಚಡ್ಡಿ ಬೇಕೇ ಬೇಕು, ಅದಕ್ಕೆ ಖರ್ಚು ಮಾಡಿ, ಕಂಜೂಸಿ ಬೇಡ. ಆದರೆ ಅದನ್ನೇ ಹಾಕಿಕೊಂಡು ಮಾಗಡಿಯ ಸೋಮೇಶ್ವರ ದೇವಸ್ಥಾನಕ್ಕೋ ತಿರುಮಲೆಯ ರಂಗನಾಥಸ್ವಾಮಿ ದೇವಸ್ಥಾನಕ್ಕೋ ಹೋದರೆ ಅಜ್ಜಿಯರು ಒಂದು ಸಲ ನೋಡಿ ಮುಖ ಆ ಕಡೆ ಮಾಡ್ತಾರೆ. ನನ್ನ ಬ್ಯಾಗಿನಲ್ಲಿ ಒಂದು ತೆಳು ಪಂಚೆ ಇರುತ್ತೆ. ಸುತ್ತಿಕೊಂಡರೆ ಮರ್ಯಾದೆ, ಹಾಸಿದರೆ ಚಾಪೆ, ಬೆವರಿಗೆ ಟವೆಲ್. ಯಾವ ಕಂಪನಿಯೂ ಇದನ್ನ ‘ಆಕ್ಸೆಸರಿ’ ಅಂತ ಮಾರ್ತಿಲ್ಲ, ಅದಕ್ಕೇ ಅಗ್ಗ.

ಮಾಗಡಿ ಊರನ್ನ ತಿಂಡಿ ಮುಗಿಸಿ ತಿರುಗೋ ಜಾಗ ಅಂತಷ್ಟೇ ನೋಡಬೇಡಿ. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನ ಹಿಡಿದ ಮೇಲೆ ಕೆಂಪೇಗೌಡರ ವಂಶದವರು ಬಂದು ನೆಲೆ ನಿಂತದ್ದು ಇಲ್ಲೇ. 1728ರಲ್ಲಿ ಮೈಸೂರಿನವರು ಗೆಲ್ಲೋವರೆಗೂ ಮಾಗಡಿ ಅವರದ್ದೇ. ಬೆಂಗಳೂರು ಬಿಟ್ಟು ಮಾಗಡಿಗೆ ಹೊರಟವರಲ್ಲಿ ನಾವು ಮೊದಲಿಗರೇನಲ್ಲ.

ಈಗ ಆ ಹುಡುಗನ ವಿಷಯ.

ನಮ್ಮ ಟೀಮಿಗೆ ಈ ವರ್ಷ ಸೇರಿದವನು, ಮಾಗಡಿ ತಾಲ್ಲೂಕಿನವನೇ. ಸುಂಕದಕಟ್ಟೆಯ ಪಿಜಿಯಲ್ಲಿ ಇರ್ತಾನೆ. ನಾವು ಅವನ ಊರಿನ ಮುಂದೆಯೇ ಸೈಕಲ್ ತುಳಿಯೋದು ಗೊತ್ತಾಗಿ, ‘ನಾನೂ ಬರ್ಲಾ ಅಣ್ಣ?’ ಅಂದ. ಏನೇನು ಬೇಕು ಅಂತ ಕೇಳಿದ. ಗುಂಪಿನವರು ಪ್ರೀತಿಯಿಂದಲೇ ಪಟ್ಟಿ ಕೊಟ್ಟರು. ಸೈಕಲ್ 45 ಸಾವಿರ, ಶೂ 8, ಪೆಡಲ್ 4, ಕಂಪ್ಯೂಟರ್ 14, ಜೆರ್ಸಿ ಚಡ್ಡಿ 5, ಹೆಲ್ಮೆಟ್ 3, ಲೈಟು 3. ಒಟ್ಟು 82 ಸಾವಿರ. ‘ಇಎಂಐನಲ್ಲಿ ಸಿಗುತ್ತೆ’ ಅಂತ ಕೊನೆಗೊಂದು ಸಮಾಧಾನ. ಅವನು ‘ಆಯ್ತು ಅಣ್ಣ, ನೋಡ್ತೀನಿ’ ಅಂದು ಸುಮ್ಮನಾದ. ಓದಿನ ಸಾಲ ಇನ್ನೂ ತೀರಿಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. ಆ ಪಟ್ಟಿಯಲ್ಲಿ ಒಂದು ಸಾಮಾನೂ ಸುಳ್ಳಲ್ಲ, ಎಲ್ಲವೂ ಒಂದಲ್ಲ ಒಂದು ದಿನ ಉಪಯೋಗಕ್ಕೆ ಬರೋವೇ. ಆದರೆ ಮಾಗಡಿಗೆ ಹೋಗಿ ಬರೋಕೆ ಅಷ್ಟೂ ಬೇಡ, ಮತ್ತೆ ಅದನ್ನ ಅವನಿಗೆ ಯಾರೂ ಹೇಳಿರಲಿಲ್ಲ.

ಜಗತ್ತಿನ ದೂರದ ಸೈಕಲ್ ಸವಾರಿಗಳ ನಿಯಮ ನೋಡಿ. ಬ್ರೆವೆ ಅನ್ನೋ ಸವಾರಿಗಳನ್ನ ಪ್ಯಾರಿಸಿನ ಒಂದು ಕ್ಲಬ್ಬು ಮಾನ್ಯ ಮಾಡುತ್ತೆ, ಬೆಂಗಳೂರಿನಿಂದಲೂ ವರ್ಷಪೂರ್ತಿ ನಡೆಯುತ್ತವೆ. 200 ಕಿಲೋಮೀಟರ್‌ಗೆ 13 ಗಂಟೆ 30 ನಿಮಿಷ, 600ಕ್ಕೆ 40 ಗಂಟೆ. ಅಂದರೆ ಊಟ, ನಿದ್ದೆ, ಪಂಚರ್ ಎಲ್ಲ ಸೇರಿ ಗಂಟೆಗೆ 15 ಕಿಲೋಮೀಟರ್ ಸಾಕು. ಕಾರ್ಬನ್ ಬೇಕು, ಕ್ಲೀಟ್ ಬೇಕು ಅಂತ ಆ ನಿಯಮದಲ್ಲಿ ಎಲ್ಲೂ ಇಲ್ಲ. ಖಡ್ಡಾಯವಾಗಿ ಕೇಳೋದು ಮುಂದಿನ ಲೈಟು, ಹಿಂದಿನ ಲೈಟು, ಹೊಳೆಯುವ ಜಾಕೆಟ್ಟು. ನಮ್ಮಲ್ಲಿ ಹೆಲ್ಮೆಟ್ಟೂ ಬೇಕೇ ಬೇಕು.

ಅವನನ್ನ ಕೂರಿಸಿಕೊಂಡು ಇಷ್ಟನ್ನೇ ಹೇಳಿದೆ. ನಮ್ಮ ವಯಸ್ಸಿನವರಲ್ಲಿ ಎಷ್ಟೋ ಜನ ಎಂಟನೇ ಕ್ಲಾಸಿನ ಸರ್ಕಾರಿ ಸೈಕಲ್‌ನಲ್ಲೇ ಹೈಸ್ಕೂಲು ಮುಗಿಸಿದವರು. 2006–07ರಲ್ಲಿ ಶುರುವಾದ ಆ ಯೋಜನೆಯ ಸೈಕಲ್‌ಗೆ ಗೇರೂ ಇರಲಿಲ್ಲ, ನಮಗೆ ಪ್ಯಾಡೂ ಇರಲಿಲ್ಲ. ಅವನು ಊರಿನಿಂದ ಅಪ್ಪನ ಕಪ್ಪು ಸೈಕಲ್ ತಂದ. ಅಂಗಡಿಯಲ್ಲಿ ನಾಲ್ಕೂ ಬ್ರೇಕ್ ಶೂ ಬದಲಿಸಿ, ಚೈನ್‌ಗೆ ಎಣ್ಣೆ ಬಿಡಿಸಿದ. ಇಳಿಜಾರಿನಲ್ಲಿ ಈ ಹಳೇ ಸರಳಿನ ಬ್ರೇಕ್ ನಂಬೋಕೆ ಆಗಲ್ಲ, ಹಾಗಾಗಿ ನಿಧಾನಕ್ಕೆ ಇಳಿಯೋದು ಅಂತ ಒಪ್ಪಂದ. ಹೆಲ್ಮೆಟ್ ಹೊಸದು ತಗೊಂಡ. ಅದರಲ್ಲಿ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ, ಒಳಗಿನ ಥರ್ಮಾಕೋಲಿನಂಥ ಪದರ ಒಮ್ಮೆ ಪೆಟ್ಟು ತಿಂದಿದ್ದರೆ ಹೊರಗೆ ಕಾಣಲ್ಲ, ಎರಡನೇ ಸಲ ಕಾಪಾಡಲ್ಲ. ಹಿಂದಿನ ಕೆಂಪು ಲೈಟಿಗೂ ಅವನೇ ದುಡ್ಡು ಹಾಕಿದ.

ಈ ಲೈಟಿನ ಬಗ್ಗೆ ನನಗೆ ಹಠ ಇದೆ. ಜನವರಿಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟೋದು ಆರೂ ಮುಕ್ಕಾಲಿನ ಹತ್ತಿರ. ಐದೂವರೆಗೆ ಹೊರಟರೆ ಒಂದು ಗಂಟೆಗೂ ಹೆಚ್ಚು ಕತ್ತಲಲ್ಲೇ ತುಳಿಯಬೇಕು, ಅದೇ ಹೊತ್ತಿಗೆ ಜಲ್ಲಿ ಲಾರಿಗಳು ಖಾಲಿ ರಸ್ತೆ ಅಂತ ಬೀಸಿಕೊಂಡು ಬರ್ತಾವೆ. ಹಳೇ ಡೈನಮೊ ದೀಪ ನಿಂತ ತಕ್ಷಣ ಆರಿಹೋಗುತ್ತೆ, ಹಿಂದೆ ಬರೋರಿಗೆ ನಾವು ಕಾಣೋದೇ ಇಲ್ಲ. ನಮ್ಮ ಟೀ ಅಂಗಡಿಯ ಪ್ರದರ್ಶನದಲ್ಲಿ ಹಿಂದಿನ ಲೈಟನ್ನ ಯಾರೂ ಎತ್ತಿ ತೋರಿಸಿದ್ದಿಲ್ಲ. ಅದರ ತೂಕ ಯಾರೂ ಕೇಳಲ್ಲ.

ವಾಪಸ್ ಬರುವಾಗ ಕನ್ನಡಿ. ಹ್ಯಾಂಡಲ್ ತುದಿಗೆ ಸಿಕ್ಕಿಸೋ ಪುಟ್ಟ ಕನ್ನಡಿಯನ್ನ ನಮ್ಮಲ್ಲಿ ಕೆಲವರು ‘ಅಂಕಲ್ ಸಾಮಾನು’ ಅಂತ ನಗ್ತಾರೆ. ಹತ್ತು ಗಂಟೆ ಆದ ಮೇಲೆ ತಾವರೆಕೆರೆಯಿಂದ ಸಿಟಿ ಕಡೆ ಬಸ್ಸು, ಟೆಂಪೋ, ಆಟೋ ಎಲ್ಲ ಒಟ್ಟಿಗೆ ನುಗ್ಗುವಾಗ ಕತ್ತು ತಿರುಗಿಸದೆ ಹಿಂದೆ ನೋಡೋಕೆ ಆಗೋದು ಅವರಿಗಲ್ಲ, ನನಗೆ.

ಮೊದಲ ಸವಾರಿಯಲ್ಲಿ ಹುಡುಗ ಮಾಗಡಿಗೆ ನಮಗಿಂತ ಅರ್ಧ ಗಂಟೆ ತಡವಾಗಿ ಬಂದ. ಮೂರು ಏರುಗಳಲ್ಲಿ ಇಳಿದು ತಳ್ಳಿದನಂತೆ. ತಟ್ಟೆ ಇಡ್ಲಿ ಮಾತ್ರ ನಮ್ಮೆಲ್ಲರಿಗಿಂತ ಎರಡು ಜಾಸ್ತಿ ತಿಂದ. ಈಗ ದುಡ್ಡು ಕೂಡಿಡ್ತಿದಾನೆ, ಗೇರ್ ಇರೋ ಹಳೇ ಹೈಬ್ರಿಡ್ ಸೈಕಲ್ ಒಂದನ್ನ ನೋಡಿದೀವಿ, ಹದಿನಾಲ್ಕು ಸಾವಿರ ಹೇಳ್ತಿದಾರೆ. ಇಎಂಐ ಮಾತಿಲ್ಲ.

ಗುಂಪಿನವರಿಗೆ ಮಾತ್ರ ಅವನು ಕಪ್ಪು ಸೈಕಲ್ ಬಿಡೋದು ಇಷ್ಟವಿಲ್ಲ. ಮೇ ತಿಂಗಳಲ್ಲಿ ಮಾಗಡಿ ದಾರಿಯ ತೋಪುಗಳ ಮುಂದೆ ಮಾವಿನಹಣ್ಣು ರಾಶಿ ಹಾಕಿರ್ತಾರೆ. ನಮ್ಮ ಲಕ್ಷ ರೂಪಾಯಿಯ ಸೈಕಲ್‌ಗಳಲ್ಲಿ ಒಂದಕ್ಕೂ ಕ್ಯಾರಿಯರ್ ಇಲ್ಲ. ಹೋದ ಸಲ ಆರು ಮನೆಯ ಹಣ್ಣು ಅವನ ಸೈಕಲ್ ಮೇಲೇ ಬಂತು.