ಕೂಪನ್ನಿಗೆ ಸಿಕ್ಕ ಕಬ್ಬಿನಹಾಲು

ಶಿರಸಿ ಕಡೆಯ ಊರೊಂದರಲ್ಲಿ ಮೊನ್ನೆ ಆಲೆಮನೆ ಹಬ್ಬ. ಬಾಗಿಲಲ್ಲೇ ಕೂಪನ್. ಒಂದು ಹರಿದುಕೊಟ್ಟರೆ ಲೋಟ ಕಬ್ಬಿನಹಾಲು, ಇನ್ನೊಂದಕ್ಕೆ ತೊಡೆದೇವು, ಮತ್ತೊಂದಕ್ಕೆ ಮಿರ್ಚಿ ಭಜೆ. ಹಾರ ಹಾಕಿಸಿಕೊಂಡ ಕೋಣಗಳು ಫೋಟೋ ತೆಗೆಯುವವರಿಗಾಗಿ ನಾಲ್ಕು ಸುತ್ತು ಬಂದು ನಿಂತವು. ಹಾಲು ಮಾತ್ರ ಚಪ್ಪರದ ಹಿಂದಿನ ಡೀಸೆಲ್ ಯಂತ್ರದಿಂದ ಬರುತ್ತಿತ್ತು. ರುಚಿಗೆ ಹೆಸರಿಡುವಂತಿರಲಿಲ್ಲ. ಆದರೂ ಒಂದು ಲೋಟಕ್ಕೆ ಸಾಕೆನಿಸಿತು.

ನಮ್ಮ ಆಲೆಮನೆಗೆ ಬಾಗಿಲೇ ಇರಲಿಲ್ಲ. ಗದ್ದೆಬಯಲಲ್ಲಿ ಅಡಕೆ ಸೋಗೆಯ ಚಪ್ಪರ, ಪಕ್ಕದಲ್ಲಿ ಗಾಣ. ಕೋಣಗಳು ಸುತ್ತು ಬರುವಾಗ ಗಾಣಕ್ಕೆ ಕಬ್ಬು ಕೊಡುವವನು, ತಲೆಯ ಮೇಲೆ ಕೋಣಗಳು ಎಳೆಯುವ ಮರ ಹಾದುಹೋದಾಗೆಲ್ಲ ಬಗ್ಗುತ್ತಿದ್ದ. ಬದುವಿನ ಮೇಲೆ ಯಾರು ಕಂಡರೂ ಅಜ್ಜ ಕೂಗುತ್ತಿದ್ದ: “ಹಾಲು ಕುಡ್ಕಂಡು ಹೋಗಿ!” ಆಲೆಮನೆಗೆ ಬಂದವರಿಗೆ ಹಾಲು ಇಲ್ಲ ಎನ್ನಬಾರದು, ಕೊಟ್ಟದ್ದಕ್ಕೆ ಕಾಸು ಕೇಳಬಾರದು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ.

ರಾತ್ರಿಯಾದರೆ ಕೊಪ್ಪರಿಗೆಯದ್ದೇ ಕಾರುಬಾರು. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ. ಸುಣ್ಣದ ತಿಳಿ ಬಿದ್ದೊಡನೆ ಕೊಳೆ ಮೇಲೇಳುತ್ತಿತ್ತು, ಅದನ್ನು ತೆಗೆದಷ್ಟೂ ಹಾಲು ತಿಳಿಯಾಗುತ್ತಿತ್ತು. ನೊರೆ ಹೊಂಬಣ್ಣಕ್ಕೆ ತಿರುಗಿದಾಗ ಅಜ್ಜ ಎರಡು ಹನಿ ತಣ್ಣೀರಿಗೆ ಬಿಟ್ಟು, ಬೆರಳುಗಳ ನಡುವೆ ಉಜ್ಜಿ, ಎಳೆ ನೋಡುತ್ತಿದ್ದ. ಬೇಗ ಇಳಿಸಿದರೆ ಜೋನಿಬೆಲ್ಲ ಮಳೆಗಾಲದ ಹೊತ್ತಿಗೆ ಹುಳಿ ಬರುತ್ತದೆ, ತಡವಾದರೆ ಸೀದು ಕಹಿಯಾಗುತ್ತದೆ. ವರ್ಷವಿಡೀ ದೋಸೆಗೆ ನೆಂಚಿಕೊಳ್ಳುವ ಸಿಹಿಯೆಲ್ಲ ಆ ಎರಡು ಬೆರಳುಗಳ ಹದದಲ್ಲಿತ್ತು. ಅಜ್ಜನ ಜೊತೆಗೇ ಅದು ಹೋಯಿತು. ಕಲಿಯಬೇಕಾಗಿದ್ದ ನಾವು ನೊರೆಬೆಲ್ಲ ನೆಕ್ಕುತ್ತ ಕೂತಿದ್ದೆವು.

ಗಾಣಕ್ಕೆ ಸಿಕ್ಕಿ ಅರೆದರೂ ಕಬ್ಬು ಸಿಹಿ ಬಿಡುವುದಿಲ್ಲ ಎಂದು 12ನೇ ಶತಮಾನದಲ್ಲೇ ವಚನ ಕಟ್ಟಿದವಳು ಅಕ್ಕಮಹಾದೇವಿ. ಅವಳ ಉಡುತಡಿ ನಮಗೇನು ದೂರವಲ್ಲ, ಶಿಕಾರಿಪುರ ಸೀಮೆಯದು. ಅರೆದರೂ ಹೋಗದ ಸಿಹಿ ಅರೆಯುವವರಿಲ್ಲದೆ ಹೋಗುತ್ತಿದೆ. ನಮ್ಮ ಕಬ್ಬಿನ ಗದ್ದೆಗೆ ಅಪ್ಪ ಅಡಕೆ ಸಸಿ ಇಟ್ಟ. ಕಬ್ಬು ಕಡಿಯಲು ಆಳು ಸಿಗುತ್ತಿರಲಿಲ್ಲ, ಉಳಿದದ್ದನ್ನು ಹಂದಿ ಬಿಡುತ್ತಿರಲಿಲ್ಲ. ಅಪ್ಪನನ್ನು ದೂರುವುದು ಹೇಗೆ? ನಾನೂ ಊರು ಬಿಟ್ಟವನೇ.

ಹಬ್ಬದ ಮೂಲೆಯಲ್ಲಿ ಅಜ್ಜಿಯೊಬ್ಬರು ಮಗುಚಿಟ್ಟ ಮಡಕೆಯ ಕೆಳಗೆ ಬೆಂಕಿಯಿಟ್ಟು ತೊಡೆದೇವು ಎರೆಯುತ್ತಿದ್ದರು. ಕಬ್ಬಿನಹಾಲು ಬೆರೆಸಿದ ಅಕ್ಕಿಹಿಟ್ಟಿಗೆ ಬಟ್ಟೆ ಸುತ್ತಿದ ಕೋಲು ಅದ್ದಿ ಒಂದೇ ಎಳೆತ. ಮಡಕೆಯ ಬೆನ್ನಿನಿಂದ ಕಾಗದಕ್ಕಿಂತ ತೆಳ್ಳಗಿನ ಹಾಳೆ ಏಳುತ್ತಿತ್ತು. ಒಂದು ಹರಿಯಿತು. ನನ್ನ ಕೈ ಕೂಪನ್ನಿಗಾಗಿ ಜೇಬು ತಡಕುತ್ತಿತ್ತು.

“ಹರಿದದ್ದಕ್ಕೆ ಚೀಟಿ ಬ್ಯಾಡ, ತಗ ತಮಾ,” ಎಂದರು.

ಅರುವತ್ತರ ನರೆಗೂದಲಿನ ತಮ ಅಂಗೈ ಚಾಚಿದ.